ಜೆಸಿಬಿ ತರುವ ಮುಂಚೆ ನೆಲದೊಳಗೆ ಏನಿದೆ ನೋಡಿ

ಮಾನ್ಯ ಸಂಪಾದಕರೇ,

ಹೋದ ಬೇಸಿಗೆಯಲ್ಲಿ ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ ಗಟಾರದ ಕೆಲಸ ನಡೆದಿತ್ತು. ಎಂಟು ದಿನಕ್ಕೊಮ್ಮೆ ನಳದಲ್ಲಿ ನೀರು ಬರುವ ಓಣಿ ನಮ್ಮದು. ಅವತ್ತು ಬೆಳಿಗ್ಗೆ ನೀರು ಬಿಟ್ಟಿದ್ದರು, ಕೊಡಗಳು ಸಾಲಾಗಿ ಕೂತಿದ್ದವು. ಅಷ್ಟರಲ್ಲಿ ಜೆಸಿಬಿ ಬಕೆಟ್ ಪೈಪಿಗೆ ಬಡಿಯಿತು. ಅರ್ಧ ಗಂಟೆಯಲ್ಲಿ ಓಣಿಯ ಒಂದು ವಾರದ ನೀರು ಗಟಾರ ಸೇರಿತು. ಕೆಲಸದ ಹುಡುಗರು ಒಡೆದ ಜಾಗಕ್ಕೆ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ಮಣ್ಣು ಎಳೆದು ಮುಂದೆ ಹೋದರು. ಮುಂದಿನ ಎರಡು ಸರದಿ ನಳದಲ್ಲಿ ಬಂದದ್ದು ವಾಸನೆ ನೀರು.

ಇದು ಯಾಕೆ ಹೀಗಾಗುತ್ತದೆ ಎಂದು ಎಲ್ಲರಿಗೂ ಗೊತ್ತಿರಬೇಕು. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸೋರಿದರೂ ಹೊರಗೇ ಸೋರುತ್ತದೆ. ನೀರು ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗುತ್ತದೆ. ಆಗ ಅದೇ ತೂತಿನಿಂದ ಗಟಾರದ ನೀರು ಒಳಗೆ ಇಳಿಯುತ್ತದೆ. ಹೀಗಾಗಿ ದಿನವಿಡೀ ನೀರು ಇರುವ ಊರಿಗಿಂತ ನಮ್ಮಂಥ ಊರಿಗೆ ಒಡೆದ ಪೈಪಿನ ಅಪಾಯ ಜಾಸ್ತಿ.

ಜೆಸಿಬಿ ಡ್ರೈವರ್‌ನನ್ನು ಬೈದು ಪ್ರಯೋಜನ ಇಲ್ಲ. ಅವನಿಗೆ ತೋರಿಸಿದ್ದು ಒಂದು ಸುಣ್ಣದ ಗೆರೆ. ಆ ಗೆರೆಯ ಕೆಳಗೆ ಏನಿದೆ ಎಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ನೋಡಿರಲಿಲ್ಲ.

ನಾನು ಗುತ್ತಿಗೆದಾರರ ಕೈಕೆಳಗೆ 26 ವರ್ಷ ಕೇಬಲ್ ಜಾಯಿಂಟ್ ಹಾಕಿದವನು. ನನ್ನ ಕಣ್ಣೆದುರೇ ಜೊತೆಗಾರನೊಬ್ಬನ ಹಾರೆ ಕರೆಂಟಿದ್ದ ಕೇಬಲ್‌ಗೆ ತಾಗಿ ಎರಡೂ ಕೈ ಸುಟ್ಟವು. ಇನ್ನೊಂದು ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ಬಕೆಟ್ಟಿನ ಹಲ್ಲು ಕೇಬಲ್ಲಿನ ಮೇಲ್ಪದರ ತರಚಿದರೆ ಕರೆಂಟು ಅವತ್ತು ಹೋಗುವುದಿಲ್ಲ. ಯಾರೂ ಬಾಯಿ ಬಿಡದೆ ಮಣ್ಣು ಮುಚ್ಚುತ್ತಾರೆ. ನಾಲ್ಕು ತಿಂಗಳ ಮೇಲೆ ಮಳೆ ಬಿದ್ದು ಆ ಗಾಯಕ್ಕೆ ನೀರು ಇಳಿದಾಗ ಕೇಬಲ್ ಸಿಡಿಯುತ್ತದೆ. ಮಳೆಗಾಲದ ಮೊದಲ ವಾರ ನಮಗೆ ರಾತ್ರಿಯೂ ಕೆಲಸ ಇರುತ್ತಿತ್ತು. ಬೇಸಿಗೆಯಲ್ಲಿ ಅಗೆದವರು ಅಷ್ಟರಲ್ಲಿ ಬಿಲ್ ತಗೊಂಡು ಹೋಗಿರುತ್ತಿದ್ದರು.

ನೆಲ ಅಗೆಯದೆ ಒಳಗಿನ ಲೈನ್ ಹುಡುಕಲು ಉಪಕರಣಗಳಿವೆ. ಕೇಬಲ್ ಲೊಕೇಟರ್ ಅದರಲ್ಲಿ ಒಂದು. ಕರೆಂಟು ಹರಿಯುವ ಕೇಬಲ್ಲಿನ ಸುತ್ತ ಸೆಕೆಂಡಿಗೆ 50 ಸಲ ಮಿಡಿಯುವ ಕಾಂತದ ಅಲೆ ಇರುತ್ತದೆ. ಕೈಯಲ್ಲಿ ಹಿಡಿದ ಲೊಕೇಟರ್ ಅದನ್ನು ಗುರುತಿಸಿ ಸದ್ದು ಮಾಡುತ್ತದೆ. ಸುಮ್ನೆ ಅದನ್ನೇ ನಂಬಿದರೆ ಮಾತ್ರ ಮೋಸ. ಬೀದಿ ದೀಪದ ಕೇಬಲ್‌ನಲ್ಲಿ ಹಗಲು ಕರೆಂಟು ಇರುವುದಿಲ್ಲ, ಅಗೆಯುವುದು ಹಗಲಲ್ಲೇ! ಲೊಕೇಟರ್ ಸುಮ್ಮನಿದ್ದರೆ ಕೆಳಗೆ ಏನೂ ಇಲ್ಲ ಎಂದು ತಿಳಿಯಬಾರದು. ಅದರ ಜೊತೆ ಬರುವ ಟ್ರಾನ್ಸ್‌ಮಿಟರ್‌ನಿಂದ ಕೇಬಲ್‌ಗೆ ಅಥವಾ ಕಬ್ಬಿಣದ ಪೈಪಿಗೆ ನಾವೇ ಸಿಗ್ನಲ್ ಕೊಟ್ಟು ಹಿಂಬಾಲಿಸಬೇಕು. ಪಕ್ಕದಲ್ಲಿ ಬೇರೆ ಲೈನ್ ಇದ್ದರೆ ಸಿಗ್ನಲ್ ಅದಕ್ಕೂ ಜಿಗಿಯುತ್ತದೆ, ಆಗ ಅದು ತೋರಿಸುವ ಆಳವೂ ತಪ್ಪುತ್ತದೆ.

ಈಗ ಹಾಕುವ ನೀರಿನ ಪೈಪು ಹೆಚ್ಚಾಗಿ ಪ್ಲಾಸ್ಟಿಕ್. ಲೊಕೇಟರ್‌ಗೆ ಅದು ಕಾಣುವುದೇ ಇಲ್ಲ. ಅದಕ್ಕೆ ಜಿಪಿಆರ್ ಬೇಕು, ಅಂದರೆ ನೆಲದೊಳಗೆ ರೇಡಿಯೋ ಅಲೆ ಬಿಟ್ಟು ಮರಳಿ ಬಂದದ್ದನ್ನು ನೋಡುವ ರೇಡಾರ್. ತಳ್ಳುಗಾಡಿಯ ಹಾಗೆ ದೂಡಿಕೊಂಡು ಹೋದರೆ ಪೈಪು ಇದ್ದಲ್ಲಿ ಪರದೆಯ ಮೇಲೆ ಬಿಲ್ಲಿನ ಆಕಾರ ಮೂಡುತ್ತದೆ. ಒಣ ಮರಳು ನೆಲದಲ್ಲಿ ಇದು ತುಂಬಾ ಚೆನ್ನಾಗಿ ನೋಡುತ್ತದೆ, ಮಸಾರಿ ಎನ್ನುವ ಕೆಂಪು ಮಣ್ಣಿನಲ್ಲೂ ಪರವಾಗಿಲ್ಲ. ನಮ್ಮ ಎರೆ ಮಣ್ಣು ಬೇರೆ. ಅದರಲ್ಲಿ ಜೇಡಿ ಜಾಸ್ತಿ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಲೆಯನ್ನು ನುಂಗಿಬಿಡುತ್ತದೆ. ಹಸಿ ಎರೆಯಲ್ಲಿ ರೇಡಾರ್ ಒಂದು ಮೀಟರ್ ಆಳ ನೋಡುವುದೂ ಕಷ್ಟ. ಸಿರುಗುಪ್ಪದ ಕಡೆಗಿರಲಿ, ರಾಯಚೂರು, ಕೊಪ್ಪಳದ ಎರೆ ನೆಲವಿರಲಿ, ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಬಂದ ಫಲ ಇಲ್ಲಿ ಬರುವುದಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿದಾಗ ಸರ್ವೆ ಮಾಡಿಸಿ ಎಂದು ನಾನು ಹೇಳುವುದು ಇದಕ್ಕೇ.

ಬಗ್ಗಿಸಿದ ಎರಡು ತಂತಿ ಹಿಡಿದು ಪೈಪು ಹುಡುಕುವವರನ್ನೂ ನೋಡಿದ್ದೇನೆ. 11 ಕೆವಿ, ಅಂದರೆ 11 ಸಾವಿರ ವೋಲ್ಟಿನ ಕೇಬಲ್ ಇರುವ ಜಾಗದಲ್ಲಿ ದಯವಿಟ್ಟು ಅದು ಬೇಡ.

ಉಪಕರಣಕ್ಕಿಂತ ಮೊದಲು ಕಣ್ಣು ಬೇಕು. ವಾಲ್ವ್ ಚೇಂಬರ್ ಎಲ್ಲಿದೆ, ಯುಜಿಡಿ (ಒಳಚರಂಡಿ) ಮುಚ್ಚಳಗಳು ಯಾವ ಸಾಲಲ್ಲಿವೆ, ಡಾಂಬರಿನ ಮೇಲೆ ಹಳೆಯ ತೇಪೆ ಯಾವ ಕಡೆ ಹೋಗಿದೆ, ಇಷ್ಟು ನೋಡಿದರೆ ಅರ್ಧ ಗೊತ್ತಾಗುತ್ತದೆ. ಇನ್ನರ್ಧ ಗೊತ್ತಿರುವುದು ನೀರು ಬಿಡುವ ವಾಲ್ವ್‌ಮನ್‌ಗೆ. ಕೌಲ್‌ಬಜಾರಿನ ಹಳೆಯ ಓಣಿಗಳಲ್ಲಿ ಯಾವ ಪೈಪು ಎಲ್ಲಿ ತಿರುಗಿದೆ ಎನ್ನುವುದು ಅಂಥವರ ತಲೆಯಲ್ಲಿದೆ, ಕಾಗದದಲ್ಲಿಲ್ಲ. ಅವರು ನಿವೃತ್ತರಾದ ದಿನ ಆ ನಕ್ಷೆಯೂ ಮನೆಗೆ ಹೋಗುತ್ತದೆ. ಅದಕ್ಕೆ ಮುಂಚೆ ಅವರ ಜೊತೆ ಒಂದು ದಿನ ನಡೆದು ಬರೆದಿಟ್ಟುಕೊಳ್ಳಬಾರದೇ?

ಕೊನೆಗೆ ಕೈಯಿಂದ ಪರೀಕ್ಷಾ ಗುಂಡಿ ತೆಗೆಯಲೇಬೇಕು. ಲೈನ್ ಇರಬಹುದಾದ ಜಾಗಕ್ಕೆ ಅಡ್ಡವಾಗಿ, ಸಲಿಕೆಯಿಂದ, ನಿಧಾನವಾಗಿ. ಹಾರೆ ಹಾಕಬೇಡಿ. ಎರೆ ಮಣ್ಣಿನಲ್ಲಿ ನಮಗೊಂದು ಅನುಕೂಲ ಇದೆ. ಕರಿ ಮಣ್ಣಿನ ನಡುವೆ ಮರಳು ಕಂಡರೆ, ಇಟ್ಟಿಗೆ ಸಾಲು ಸಿಕ್ಕರೆ, ಅಲ್ಲೇ ನಿಲ್ಲಿಸಿ. ಕೇಬಲ್ ಹಾಕಿದವರು ಮರಳು ಹಾಸಿ ಇಟ್ಟಿಗೆ ಮುಚ್ಚಿರುತ್ತಾರೆ. ನಿಯಮದ ಪ್ರಕಾರ 11 ಕೆವಿ ಕೇಬಲ್ 90 ಸೆಂಟಿಮೀಟರ್ ಆಳದಲ್ಲಿರಬೇಕು, ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜಿನದು 75. ರಸ್ತೆಯನ್ನು ಒಮ್ಮೆ ಏರಿಸಿ ಇನ್ನೊಮ್ಮೆ ಕೆರೆದ ಮೇಲೆ ಆ ಅಳತೆಗೆ ಅರ್ಥ ಉಳಿಯುವುದಿಲ್ಲ. ಮೊಣಕಾಲುದ್ದಕ್ಕೇ ಕೇಬಲ್ ಸಿಕ್ಕದ್ದು ನನಗೆ ಎಷ್ಟೋ ಸಲ.

ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿದೆ. ಅಗೆಯುವವರು ಜಾಗ ಗುರುತಿಸಿದರೆ ಅಲ್ಲಿ ಲೈನ್ ಹಾಕಿದವರಿಗೆ ಸುದ್ದಿ ಹೋಗುತ್ತದೆ. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಸರ್ಕಾರವೇ ಆಗ ಹೇಳಿತ್ತು. ಒಳ್ಳೆಯ ಕೆಲಸ. ಆದರೆ ಓಣಿಯ ನೀರಿನ ಪೈಪು ಎಲ್ಲಿದೆ ಎಂದು ಹಾಕಿದವರಿಗೇ ಗೊತ್ತಿಲ್ಲದಿದ್ದರೆ ಆ್ಯಪ್ ತಾನೇ ಏನು ತೋರಿಸೀತು?

ನನ್ನ ಬೇಡಿಕೆ ದೊಡ್ಡದಲ್ಲ. ರಸ್ತೆ, ಗಟಾರ, ಪೈಪಿನ ಟೆಂಡರ್ ಕರೆಯುವಾಗ ಲೈನ್ ಹುಡುಕುವುದಕ್ಕೂ ಪರೀಕ್ಷಾ ಗುಂಡಿಗೂ ಬೇರೆಯೇ ದರ ಸೇರಿಸಿ. ದುಡ್ಡು ಕೊಡದ ಕೆಲಸವನ್ನು ಯಾವ ಗುತ್ತಿಗೆದಾರನೂ ಮಾಡುವುದಿಲ್ಲ. ಪ್ಲಾಸ್ಟಿಕ್ ಪೈಪು ಹಾಕುವಾಗ ಅದರ ಜೊತೆಗೇ ಒಂದು ತಾಮ್ರದ ತಂತಿ ಇಡಿಸಿ, ನಾಳೆ ಲೊಕೇಟರ್‌ಗೆ ಆ ತಂತಿ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅಗಳು ತೆರೆದಿರುವಾಗಲೇ ಟೇಪ್ ಹಿಡಿದು ಆಳ ಅಳೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಯಾವ ಮನೆಯ ಗೋಡೆಯಿಂದ ಎಷ್ಟು ದೂರ ಎಂದು ಬರೆಯಿರಿ. ಮಣ್ಣು ಮುಚ್ಚುವ ಮುಂಚೆ ಹತ್ತು ನಿಮಿಷದ ಕೆಲಸ. ಮುಚ್ಚಿದ ಮೇಲೆ ಅದನ್ನೇ ತಿಳಿಯಲು ಉಪಕರಣ ಬಾಡಿಗೆಗೆ ತರಬೇಕು. ಆ ದಾಖಲೆ ಕೊಡದವರಿಗೆ ಕೊನೆಯ ಬಿಲ್ ಕೊಡಬೇಡಿ.

ನಮ್ಮ ಪಕ್ಕದ ಓಣಿಯಲ್ಲಿ ಮತ್ತೆ ಸುಣ್ಣದ ಗೆರೆ ಎಳೆದಿದ್ದಾರೆ. ಕೆಲಸ ಶುರುವಾಗುವ ಮುಂಚೆ ವಾಲ್ವ್‌ಮನ್ ಜೊತೆ ಯಾರಾದರೂ ಎಂಜಿನಿಯರ್ ಬಂದರೆ, ಹಳೆಯ ಕೇಬಲ್‌ಗಳು ಎಲ್ಲೆಲ್ಲಿ ಹೋಗಿವೆ ಎಂದು ನನಗೆ ನೆನಪಿರುವಷ್ಟನ್ನು ನಾನೇ ನಡೆದು ತೋರಿಸುತ್ತೇನೆ.

– ನಿವೃತ್ತ ಕೇಬಲ್ ಜಾಯಿಂಟರ್, ಕೌಲ್‌ಬಜಾರ್, ಬಳ್ಳಾರಿ