ಎರಡು ದಿನ ರೊಟ್ಟಿ ಬಡಿಯಬೇಡ

ಕಲಬುರಗಿ,
ಸೋಮವಾರ

ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅತ್ತದ್ದು ಕೇಳಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಎದೆಯಲ್ಲಿ ಗಂಟು ಅಂದಕೂಡಲೇ ಮನಸ್ಸು ಕ್ಯಾನ್ಸರ್ ಕಡೆಗೇ ಓಡುತ್ತದೆ. ಎಲ್ಲಾ ಗಂಟೂ ಅದಲ್ಲ. ಯಾವುದು ಅಂತ ತಿಳಿಯಲಿಕ್ಕೇ ಈ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡುವುದು. ನನಗೂ ಮಾಡಿದ್ದರು. ನಿಮ್ಮವ್ವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈಗೆಲ್ಲ ಹರಡುತ್ತದೆ ಅಂತ ನಿಮ್ಮತ್ತೆ ಹೇಳಿದರಂತೆ. ನನಗೂ ಓಣಿಯವರು ಇದನ್ನೇ ಹೇಳಿದ್ದರು. ಆ ಮಾತು ನಂಬಿ ಎರಡು ತಿಂಗಳು ಸುಮ್ನೆ ಕೂತೆ, ನೋಡು. ದಡ್ಡತನ. ನೀನು ಹಾಗೆ ಮಾಡಬೇಡ.

ಸೇಡಂನಿಂದ ಬರುವಾಗ ಚೂಡಿದಾರ ಬೇಡ, ಸೀರೆಯಲ್ಲೇ ಬಾ. ಕುಪ್ಪಸ ಬಿಚ್ಚುವುದು ಸಲೀಸು. ಹತ್ತಿರ ಒಬ್ಬ ನರ್ಸಮ್ಮ ಇರಲಿ ಅಂತ ಕೇಳು. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುತ್ತಿದ್ದರೆ ಮೊದಲೇ ಹೇಳು, ನೀನಾಗಿ ನಿಲ್ಲಿಸಬೇಡ.

ಮಲಗಿಸಿ ತಣ್ಣನೆ ಜೆಲ್ ಹಚ್ಚುತ್ತಾರೆ. ಬಸುರಿಯಿದ್ದಾಗ ಹೊಟ್ಟೆ ಮೇಲೆ ಆಡಿಸಿದರಲ್ಲ, ಅದೇ ಸ್ಕ್ಯಾನ್. ಪರದೆಯಲ್ಲಿ ಗಂಟು ನೋಡಿಕೊಂಡೇ ಸೂಜಿ ಹಾಕುತ್ತಾರೆ. ಅದಕ್ಕೂ ಮೊದಲು ಜೋಮು ಹಿಡಿಸುವ ಇಂಜೆಕ್ಷನ್. ಉರಿಯುವುದು ಅದೊಂದೇ, ಕೆಂಜಿಗ ಕಚ್ಚಿದ ಹಾಗೆ. ಆಮೇಲೆ ಒತ್ತಿದಂತೆ ಅನಿಸುತ್ತದೆ ಅಷ್ಟೆ.

ನನ್ನನ್ನು ಹೆದರಿಸಿದ್ದು ನೋವಲ್ಲ, ಸದ್ದು. ಸೂಜಿಯ ಗನ್ ಸ್ಟೇಪ್ಲರ್ ಥರ 'ಟಕ್' ಅನ್ನುತ್ತದೆ. ಯಾರೂ ಹೇಳಿರಲಿಲ್ಲ, ಬೆಚ್ಚಿಬಿದ್ದೆ. ಆಗ ಅಲುಗಾಡಬಾರದು. ಆ ಸದ್ದು ಒಮ್ಮೆ ಮೊದಲೇ ಕೇಳಿಸಿ ಅಂತ ಡಾಕ್ಟರಿಗೆ ಹೇಳು. ನನಗೆ ನಾಲ್ಕು ಸಲ ಟಕ್ ಅಂದಿತು. ಪ್ರತಿ ಸಲ ಶಾವಿಗೆಯ ಎಳೆಯಂಥ ಚೂರು ಬಂತು. ಅದನ್ನು ಫಾರ್ಮಲಿನ್ ಅಂತ ಚೂರು ಕೆಡದಂತೆ ಇಡುವ ನೀರಿನ ಡಬ್ಬಿಗೆ ಹಾಕಿದರು. ಡಬ್ಬಿ ಮೇಲೆ ಬೇರೆ ಯಾರದೋ ಹೆಸರು! ನಾನು ನೋಡಿದ್ದಕ್ಕೆ ಸರಿಹೋಯಿತು. ನೀನೂ ಓದಿ ನೋಡು, ನಾಚಬೇಡ.

ಎಲ್ಲಾ ಸೇರಿ ಅರ್ಧ ಗಂಟೆ ಹಿಡಿಯಬಹುದು. ಹೊಲಿಗೆ ಇಲ್ಲ, ಗಟ್ಟಿಯಾಗಿ ಒತ್ತಿ ಹಿಡಿದು ಪಟ್ಟಿ ಹಾಕುತ್ತಾರೆ. ಮನೆಯಲ್ಲಿ ಬಟ್ಟೆ ಸುತ್ತಿದ ಮಂಜುಗಡ್ಡೆ ಇಟ್ಟುಕೋ. ಚರ್ಮ ನೀಲಿಗಟ್ಟಿದರೆ ಗಾಬರಿ ಬೇಡ. ಆದರೆ ಬಾವು ಏರುತ್ತಾ ಹೋದರೆ, ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ತಕ್ಷಣ ಹೋಗು. ಕೊಡ ಎತ್ತಬೇಡ. ಎರಡು ದಿನ ರೊಟ್ಟಿ ಬಡಿಯುವುದೂ ಬೇಡ. ನಿಮ್ಮತ್ತೆಗೆ ನಾನೇ ಹೇಳುತ್ತೇನೆ, ಅನ್ನ ಉಂಡರೆ ಯಾರೂ ಸಾಯುವುದಿಲ್ಲ.

ರಿಪೋರ್ಟಿಗೆ ಒಂದು ವಾರ ಬೇಕಾಗಬಹುದು. ಕೆಲವೊಮ್ಮೆ ಇನ್ನೊಂದು ಪರೀಕ್ಷೆ ಮಾಡಲು ಜಾಸ್ತಿ ದಿನ ಹಿಡಿಯುತ್ತದೆ. ತಡವಾಯಿತು ಅಂದರೆ ಕೆಟ್ಟದ್ದು ಅಂತಲ್ಲ. ಆ ವಾರ ನಮ್ಮನೆಯಲ್ಲೇ ಇರು.

ಗುರುವಾರ ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಉಪವಾಸ ಇರು ಅಂತ ಡಾಕ್ಟರ್ ಹೇಳಿರದಿದ್ದರೆ ನಾಷ್ಟಾ ಮಾಡಿಯೇ ಹೊರಡು. ಹಳೆಯ ಸ್ಕ್ಯಾನ್ ಚೀಟಿ ಮರೆಯಬೇಡ.

ನಿನ್ನ ದೊಡ್ಡವ್ವ