ಹಳೆಯ ಕಾರ್ ಸ್ಟೀರಿಯೋವನ್ನು ಕಿತ್ತು ಹಾಕಬೇಕಾಗಿಲ್ಲ

ಮಾನ್ಯ ಸಂಪಾದಕರೇ,

ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳು ಇಂದಿಗೂ ದುಡಿಯುತ್ತಿವೆ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ತೀರ್ಥಹಳ್ಳಿ, ಹೊಸನಗರದ ರಸ್ತೆಗಳಲ್ಲಿ ಈಗಲೂ ಎದುರಾಗುತ್ತದೆ. ಇಂತಹ ಕಾರುಗಳಲ್ಲಿರುವ ಕ್ಯಾಸೆಟ್ ಅಥವಾ ಸಿ.ಡಿ. ಸೆಟ್ಟಿನಲ್ಲಿ ಮೊಬೈಲಿನ ಹಾಡು ಕೇಳಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ, ಸುಸ್ಥಿತಿಯಲ್ಲಿರುವ ಸೆಟ್ಟನ್ನು ಕಿತ್ತು ಗುಜರಿಗೆ ಹಾಕಿಸುವುದು ರೂಢಿಯಾಗಿದೆ. ಅಂಗಡಿಯಲ್ಲಿ ಕೇಳಿದರೆ, ‘ಇದನ್ನೆಲ್ಲ ಯಾರೂ ರಿಪೇರಿ ಮಾಡಲ್ಲ ಸಾರ್, ಆಂಡ್ರಾಯ್ಡ್ ಸೆಟ್ ಹಾಕಿಸಿಬಿಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕಾರಿನ ಸೆಟ್ಟು ಕ್ಯಾಸೆಟ್ ಕಾಲದ್ದು. ನಮ್ಮ ತಂದೆ ಊರೂರು ತಿರುಗಿ ಟೇಪು ಮಾಡಿಕೊಂಡಿದ್ದ ತಾಳಮದ್ದಳೆಗಳನ್ನು ಅದರಲ್ಲಿ ಎಷ್ಟೋ ವರ್ಷ ಕೇಳಿದ್ದೇವೆ. ಮಲೆನಾಡಿನ ಮಳೆಗಾಲ ಮೊದಲು ಕೆಡಿಸುವುದು ಟೇಪು ತಿರುಗಿಸುವ ಭಾಗವನ್ನು. ಥಂಡಿಗೆ ರಬ್ಬರ್ ಬೆಲ್ಟು ಸಡಿಲಾಗಿ ಅಂಟಂಟಾಗುತ್ತದೆ, ಟೇಪನ್ನು ಓದುವ ಹೆಡ್ಡಿನ ಮೇಲೆ ಬೂಷ್ಟು ಕೂರುತ್ತದೆ, ಗಾಲಿಗಳು ಬಿಗಿಯುತ್ತವೆ. ಆದರೆ ಅದೇ ಡಬ್ಬಿಯೊಳಗಿನ ರೇಡಿಯೋ ಮತ್ತು ಆಂಪ್ಲಿಫೈಯರ್ ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತವೆ. ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತ ಬೆಳೆದ ನಮ್ಮಂಥವರಿಗೆ ಇನ್ನೊಂದು ಮಾತೂ ಮುಖ್ಯ: ಮಧ್ಯಮ ತರಂಗವು ಗುಡ್ಡಗಳ ಆಚೆಗೂ ತಲುಪುತ್ತದೆ, ಎಫ್.ಎಂ. ಗುಡ್ಡದ ಮರೆಯಲ್ಲಿ ಕುಂದುತ್ತದೆ. ಈಗಿನ ಅಗ್ಗದ ಸೆಟ್ಟುಗಳಲ್ಲಿ ಹಲವಕ್ಕೆ ಮಧ್ಯಮ ತರಂಗದ ಬ್ಯಾಂಡೇ ಇಲ್ಲ. ಹಳೆಯದನ್ನು ಕಿತ್ತರೆ ಅದೂ ಹೋಯಿತು.

ಹಳೆಯ ಸೆಟ್ಟಿಗೆ ಮೊಬೈಲ್ ಜೋಡಿಸುವ ಸುಲಭದ ದಾರಿಗಳು ಎಲ್ಲರಿಗೂ ಗೊತ್ತಿವೆ. ಟೇಪು ತಿರುಗಿಸುವ ಭಾಗ ನೆಟ್ಟಗಿದ್ದರೆ ಕ್ಯಾಸೆಟ್ ಆಕಾರದ ಅಡಾಪ್ಟರ್ ಸಾಕು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿ, ಮೊಬೈಲಿನ ಹಾಡನ್ನು ಸೆಟ್ಟಿನ ರೇಡಿಯೋಗೆ ಬಿತ್ತರಿಸುವ ಎಫ್.ಎಂ. ಟ್ರಾನ್ಸ್‌ಮಿಟರಿನಲ್ಲಿ ಹಿಸ್ ಸದ್ದು ಸೇರಿಕೊಳ್ಳುತ್ತದೆ, ಎಫ್.ಎಂ. ಸ್ಟೀರಿಯೋ 15 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುವುದರಿಂದ ಚಂಡೆಯ, ತಾಳದ ಮೊನಚು ಮಂಕಾಗುತ್ತದೆ. ಸೆಟ್ಟಿನ ಹಿಂಬದಿಯಲ್ಲಿ ಸಿ.ಡಿ. ಚೇಂಜರ್ (ಹಲವು ಸಿ.ಡಿ.ಗಳನ್ನು ತುಂಬಿಡುವ ಪೆಟ್ಟಿಗೆ) ಜೋಡಿಸುವ ಕಿಂಡಿ ಇದ್ದರೆ ಅದು ಒಳ್ಳೆಯ ದಾರಿ. ಆದರೆ ಬಹುಪಾಲು ಸೆಟ್ಟುಗಳು ಚೇಂಜರ್ ಇದೆಯೆಂದು ಖಾತ್ರಿಯಾಗದೆ ಆ ಕಿಂಡಿಯ ಧ್ವನಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ, ಆಯಾ ಮಾದರಿಗೆ ಹೊಂದುವ ಅಡಾಪ್ಟರನ್ನೇ ಹುಡುಕಬೇಕಾಗುತ್ತದೆ.

ಇವು ಯಾವುವೂ ಒದಗದಿದ್ದಾಗ ಸೆಟ್ಟನ್ನು ಬಿಚ್ಚಿ, ಇಯರ್‌ಫೋನಿನಂತಹ ಪಿನ್ನು ಸಿಕ್ಕಿಸುವ 3.5 ಮಿಲಿಮೀಟರ್ ಜ್ಯಾಕ್ ಕೂರಿಸುವುದೇ ಸರಿಯಾದ ಕೆಲಸ, ಮತ್ತು ನಮ್ಮ ಮೆಕ್ಯಾನಿಕ್ಕುಗಳು ಕಲಿಯಬೇಕಾದದ್ದೂ ಇದನ್ನೇ. ಟೇಪ್ ಹೆಡ್ಡಿನಿಂದ ಬರುವ ಸಿಗ್ನಲ್ ಒಂದು ಮಿಲಿವೋಲ್ಟಿನ ಆಸುಪಾಸಿನದು. ಮೊಬೈಲಿನದು ಅದರ ನೂರಾರು ಪಟ್ಟು. ಆದ್ದರಿಂದ ಹೆಡ್ಡಿನ ತಂತಿಗೇ ಮೊಬೈಲ್ ಜೋಡಿಸಿದರೆ ಧ್ವನಿ ಒಡೆದು ಕರ್ಕಶವಾಗುತ್ತದೆ. ಹೆಡ್ಡಿನ ಸಿಗ್ನಲನ್ನು ಹಿಗ್ಗಿಸುವ ಪ್ರೀಆಂಪ್ಲಿಫೈಯರ್ ಐ.ಸಿ. (ಹಲವು ಕಾಲುಗಳಿರುವ ಪುಟ್ಟ ಚಿಪ್) ದಾಟಿದ ಮೇಲೆ, ವಾಲ್ಯೂಮ್ ನಿಯಂತ್ರಣಕ್ಕೆ ಮೊದಲು ಸಿಗುವ ಜಾಗದಲ್ಲಿ, ಎಡ ಮತ್ತು ಬಲ ಎರಡಕ್ಕೂ ಒಂದೊಂದು ಕೆಪ್ಯಾಸಿಟರಿನ ಮೂಲಕ ತಂತಿ ಕೊಡಬೇಕು, ಬೋರ್ಡಿನ ಡಿ.ಸಿ. ವೋಲ್ಟೇಜು ಮೊಬೈಲಿಗೆ ನುಗ್ಗದಂತೆ ತಡೆಯುವುದು ಆ ಕೆಪ್ಯಾಸಿಟರೇ. ಐ.ಸಿ.ಯ ಮೇಲಿನ ಸಂಖ್ಯೆಯನ್ನು ನೋಡಿ ಅದರ ಡೇಟಾಶೀಟ್, ಅಂದರೆ ತಯಾರಕರ ವಿವರಪಟ್ಟಿ, ತೆಗೆದರೆ ಯಾವ ಕಾಲು ಯಾವುದೆಂದು ಸ್ಪಷ್ಟವಾಗುತ್ತದೆ, ಊಹೆಯ ಅಗತ್ಯವೇ ಇಲ್ಲ. ಪಿನ್ನು ಸಿಕ್ಕಿಸಿದೊಡನೆ ಟೇಪಿನ ಸಂಪರ್ಕವನ್ನು ತಾನೇ ಕಡಿಯುವಂತಹ, ಒಳಗೆ ಸ್ವಿಚ್ಚಿರುವ ಜ್ಯಾಕ್ ಬಳಸಿದರೆ ಎರಡು ಧ್ವನಿಗಳು ಬೆರೆಯುವುದಿಲ್ಲ. ಹೀಗೆ ಮಾಡಿದ ಮೇಲೆ ಸೆಟ್ಟು ಟೇಪ್ ಸ್ಥಿತಿಗೆ ಬರಲು ಏನೂ ಧ್ವನಿಮುದ್ರಿಸದ ಒಂದು ಕ್ಯಾಸೆಟ್ಟನ್ನು ಒಳಗೆ ತಿರುಗಲು ಬಿಡಬೇಕು. ತಿರುಗಿಸುವ ಭಾಗ ಪೂರ್ತಿ ಕೆಟ್ಟಿದ್ದರೆ ರೇಡಿಯೋದ ದಾರಿಯಲ್ಲಿ ಇದೇ ಕೆಲಸ ಮಾಡಬಹುದು. ನನ್ನ ಸೆಟ್ಟಿಗೆ ಈ ಕೆಲಸ ಮಾಡಿಕೊಟ್ಟವರು ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು. ಬಿಡಿಭಾಗಗಳಿಗೆ ನೂರು ರೂಪಾಯಿಯೂ ಆಗಲಿಲ್ಲ.

ಅವರ ಬಳಿ ಹೋಗುವ ಮೊದಲು ಬೇರೊಂದು ಕಡೆ ನಾನು ಪೆಟ್ಟು ತಿಂದಿದ್ದೆ. ಪೇಟೆಯ ಅಂಗಡಿಯೊಂದರಲ್ಲಿ, ಕಾರಿನೊಡನೆ ಬಂದಿದ್ದ ಕನೆಕ್ಟರನ್ನು ಕತ್ತರಿಸಿ, ತಂತಿಗಳನ್ನು ಕೈಯಲ್ಲೇ ಹೊಸೆದು, ಇನ್ಸುಲೇಷನ್ ಟೇಪು ಸುತ್ತಿ ಕೊಟ್ಟರು. ಅಷ್ಟಾಗಿದ್ದರೆ ಸಹಿಸಬಹುದಿತ್ತೇನೋ; ತಂತಿ ಸಾಲದೆಂದು ಹಿಂದಿನ ಸ್ಪೀಕರಿನ ಮೈನಸ್ ತಂತಿಯನ್ನು ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಜೋಡಿಸಿಬಿಟ್ಟಿದ್ದರು. ಕಾರಿನ ಸೆಟ್ಟುಗಳಲ್ಲಿ ಹೆಚ್ಚಿನವುಗಳಿಗೆ ಸ್ಪೀಕರಿನ ಎರಡೂ ತಂತಿಗಳಲ್ಲಿ ವೋಲ್ಟೇಜು ಇರುತ್ತದೆ, ಮೈನಸ್ ಎಂಬುದು ಹೆಸರಿಗೆ ಮಾತ್ರ. ಅದನ್ನು ಬಾಡಿಗೆ ತಾಗಿಸಿದರೆ ಸ್ಪೀಕರುಗಳನ್ನು ನಡೆಸುವ ಔಟ್‌ಪುಟ್ ಐ.ಸಿ. ಸುಡುವ ಸಂಭವವೇ ಹೆಚ್ಚು. ನನ್ನದೂ ಸುಟ್ಟಿತು. ಅದಕ್ಕಿಂತ ಭಯದ ಸಂಗತಿ ಆಮೇಲೆ ತಿಳಿಯಿತು: ಕೀಲಿ ತೆಗೆದ ಮೇಲೂ ಬ್ಯಾಟರಿಯಿಂದ 12 ವೋಲ್ಟ್ ಹರಿಯುತ್ತಲೇ ಇರುವ ಹಳದಿ ತಂತಿಯಲ್ಲಿ ಅವರು ಫ್ಯೂಸನ್ನೇ ಇಟ್ಟಿರಲಿಲ್ಲ. ಆ ತಂತಿಯ ಸಿಪ್ಪೆ ಎಲ್ಲಾದರೂ ಸವೆದು ಬಾಡಿಗೆ ತಾಗಿದ್ದರೆ, ಮನೆಯ ಅಂಗಳದಲ್ಲಿ ನಿಂತ ಕಾರಿಗೇ ಬೆಂಕಿ ಹತ್ತಬಹುದಿತ್ತು. ಗ್ರಾಹಕನಿಗೆ ಕಾಣದ ಜಾಗದಲ್ಲಿ ಹೀಗೆ ಮಾಡಿ ಹಣ ಪಡೆಯುವುದನ್ನು ಅಜಾಗರೂಕತೆ ಎನ್ನದೆ ಬೇರೇನೆನ್ನಬೇಕೋ ತಿಳಿಯದು.

ಒಳ್ಳೆಯ ಕೆಲಸವಾದ ಮೇಲೂ ಒಂದು ತೊಡಕು ಬರುವುದುಂಟು. ಮೊಬೈಲನ್ನು ಕಾರಿನಲ್ಲೇ ಚಾರ್ಜಿಗೆ ಹಾಕಿ, ಜ್ಯಾಕಿಗೆ ಸಿಕ್ಕಿಸುವ ಆಕ್ಸ್ ತಂತಿಯಲ್ಲಿ ಹಾಡು ಕೇಳುವಾಗ, ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಒಂದು ಕೀರಲು ಧ್ವನಿ ಕೇಳುತ್ತದೆ. ಇದು ಎಂಜಿನ್ನಿನೊಡನೆ ತಿರುಗಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಸದ್ದು. ಚಾರ್ಜರು ಮತ್ತು ಆಕ್ಸ್ ತಂತಿ ಎಂಬ ಎರಡು ದಾರಿಯಲ್ಲಿ ಅರ್ತ್ ಸೇರಿರುವುದರಿಂದ ನುಸುಳಿ ಬರುತ್ತದೆ. ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ಗ್ರೌಂಡ್ ಲೂಪ್ ಐಸೊಲೇಟರನ್ನು ಆಕ್ಸ್ ತಂತಿಯ ನಡುವೆ ಹಾಕಿದರೆ ನಿಲ್ಲುತ್ತದೆ. ಇದನ್ನು ತಿಳಿಯದೆ ಸೆಟ್ಟೇ ಕೆಟ್ಟಿದೆಯೆಂದು ಬದಲಾಯಿಸಿಕೊಂಡವರನ್ನು ನಾನು ಬಲ್ಲೆ. ಹಾಡು ಆರಿಸುವ ಕೆಲಸವನ್ನು ಕಾರು ಹೊರಡುವ ಮೊದಲೇ ಮುಗಿಸಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮೊಬೈಲಿನ ಕಡೆ ಕಣ್ಣು ಹಾಯಿಸುವಷ್ಟು ಬಿಡುವು ಚಾಲಕನಿಗೆ ಇರುವುದಿಲ್ಲ.

ಕೇಂದ್ರ ಸರ್ಕಾರವು 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಗುರುತಿಸಿದ ಕ್ಷೇತ್ರಗಳಲ್ಲಿ ವಾಹನಗಳೂ ಇದ್ದವು. ಹಕ್ಕು ಕಾಗದದ ಮೇಲಿದ್ದು ದುರಸ್ತಿ ಮಾಡುವ ಕೈಗಳೇ ಇಲ್ಲವಾದರೆ ನಮ್ಮಂತಹವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಜಿಲ್ಲೆಯ ಐ.ಟಿ.ಐ.ಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿ ಪಡೆಯುವ ಹುಡುಗ ಹುಡುಗಿಯರಿಗೆ ಕಾರ್ ಸ್ಟೀರಿಯೋದ ಈ ಕೆಲಸವನ್ನು, ಫ್ಯೂಸ್ ಮತ್ತು ಸ್ಪೀಕರ್ ತಂತಿಯ ಎಚ್ಚರಿಕೆಗಳ ಸಮೇತ, ಕೈಯಾರೆ ಮಾಡಿಸಿ ಕಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಹಿರಿಯ ಕೆಲಸಗಾರರು ಒಂದೆರಡು ದಿನ ಅವರೊಡನೆ ಕುಳಿತರೆ ಇನ್ನೂ ಒಳಿತು. ನನ್ನ ಬಳಿ ಎರಡು ಹಳೆಯ ಕ್ಯಾಸೆಟ್ ಸೆಟ್ಟುಗಳಿವೆ, ಒಂದರ ಔಟ್‌ಪುಟ್ ಐ.ಸಿ. ಸುಟ್ಟದ್ದು, ಇನ್ನೊಂದರದು ಚೆನ್ನಾಗಿರುವುದು. ಯಾವುದಾದರೂ ಸಂಸ್ಥೆ ಪಾಠಕ್ಕೆ ಬಳಸುವುದಾದರೆ ಎರಡನ್ನೂ ನಾನೇ ತಂದು ಒಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು