ಭಾನುವಾರದ ರಸಪ್ರಶ್ನೆ: ಅಪರಾಧಿಗಳ ಅಡ್ಡಹೆಸರುಗಳು

ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5 ಗಂಟೆಯ ರಸಪ್ರಶ್ನೆಗೆ ಕಥೆಗಳಲ್ಲಿನ ಹಾಗೂ ನಿಜಜೀವನದ ಅಪರಾಧಿಗಳ ಅಡ್ಡಹೆಸರುಗಳನ್ನು ವಿಷಯವಾಗಿ ಆರಿಸಲಾಗಿದೆ. ಪ್ರಶ್ನೆ ಸಿದ್ಧಪಡಿಸುವವರು ತಲಾ ಮೂರು ಹೆಸರುಗಳನ್ನು ಶುಕ್ರವಾರ ರಾತ್ರಿಯೊಳಗೆ ನನಗೆ ಪ್ರತ್ಯೇಕವಾಗಿ ಕಳುಹಿಸಬೇಕು. ಗುಂಪಿನಲ್ಲಿ ಹಾಕಿದರೆ ಉತ್ತರ ಬಯಲಾಗುತ್ತದೆ. ಕುಖ್ಯಾತ ವಂಚಕ ನಟವರಲಾಲನನ್ನು ಹೇಗೂ ಎಲ್ಲರೂ ನೆನೆಯುವುದರಿಂದ ಅವನನ್ನು ಬಿಟ್ಟುಬಿಡಿ.

ಬರೀ ಹೆಸರು ಸಾಲದು, ಅದು ಹೇಗೆ ಅಂಟಿಕೊಂಡಿತೆಂಬುದೂ ಬೇಕು. ಉದಾಹರಣೆಗೆ, ಷಿಕಾಗೋದ ಅಲ್ ಕಪೋನ್‌ಗೆ ಎಡಗೆನ್ನೆಯ ಗಾಯದ ಗುರುತುಗಳಿಂದ ‘ಸ್ಕಾರ್‌ಫೇಸ್’ ಎಂಬ ಹೆಸರು ಬಂದಿತಾದರೂ ಅದು ಅವನಿಗೆ ಹಿಡಿಸುತ್ತಿರಲಿಲ್ಲ. ಫೋಟೊ ತೆಗೆಯುವಾಗ ಆ ಕೆನ್ನೆಯನ್ನು ಮರೆಮಾಡುತ್ತಿದ್ದ ಅವನನ್ನು ಆಪ್ತರು ‘ಸ್ನಾರ್ಕಿ’ (ಠೀವಿಯಿಂದ ಉಡುಪು ತೊಡುವವ) ಎನ್ನುತ್ತಿದ್ದರು. ಗುರುತು ಪತ್ತೆಯಾಗದ ಸರಣಿ ಹಂತಕನಿಗೆ ಅಂಟಿಕೊಂಡ ‘ಜ್ಯಾಕ್ ದ ರಿಪ್ಪರ್’ ಎಂಬುದು 1888ರಲ್ಲಿ ಲಂಡನ್ನಿನ ಸುದ್ದಿಸಂಸ್ಥೆಯೊಂದಕ್ಕೆ ಬಂದ ಪತ್ರದ ಸಹಿಯಾಗಿದ್ದು, ಅದನ್ನು ಪತ್ರಕರ್ತನೊಬ್ಬನೇ ಬರೆದನೆಂಬ ಗುಮಾನಿ ಪೊಲೀಸರಲ್ಲೂ ಇತ್ತು.

ಷರ್ಲಾಕ್ ಹೋಮ್ಸ್‌ನ ಎದುರಾಳಿ ಮೋರಿಯಾರ್ಟಿಯಂಥವರ ಮುಂದೆ ‘ಕಾಲ್ಪನಿಕ’ ಎಂದು ನಮೂದಿಸಿ. ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತಿರುವವರ ಹಾಗೂ ಸಂತ್ರಸ್ತರ ಹೆಸರುಗಳು ಖಂಡಿತ ಬೇಡ.

ಭಾಗವಹಿಸುವವರು ಗುರುವಾರದೊಳಗೆ ಇಲ್ಲಿಯೇ ‘ಬರುತ್ತೇನೆ’ ಎಂದು ತಿಳಿಸಬೇಕಾಗಿ ವಿನಂತಿ.